ಹೃದಯದ ಪ್ಯಾಚ್ ಮತ್ತು ಅದರ ಅಡಿಯ ಚರ್ಮ

ಹೃದಯದ ಬಡಿತ ಆಗಾಗ ತಪ್ಪುವವರಿಗೆ ಬಡಿತವನ್ನು 24 ಗಂಟೆ ದಾಖಲಿಸುವ ಹೋಲ್ಟರ್ ಎಂಬ ಪುಟ್ಟ ಯಂತ್ರ ಸಾಲದೆ ಹೋದಾಗ, ಎದೆಗೆ ಅಂಟಿಸುವ ಇಸಿಜಿ ಪ್ಯಾಚನ್ನು 14 ದಿನಗಳವರೆಗೂ ಬಿಡುವುದುಂಟು. ಅದರಲ್ಲಿ ದಾಖಲಾದ ಗೆರೆಗಳನ್ನು ಹೃದಯತಜ್ಞರು ಓದುತ್ತಾರೆ. ಅದನ್ನು ಕಿತ್ತ ಮೇಲೆ ಉಳಿದ ಗಾಯವನ್ನು ಚರ್ಮರೋಗ ವೈದ್ಯೆಯಾದ ನಾನು ನೋಡುತ್ತೇನೆ.

ಕಳೆದ ಬೇಸಿಗೆಯಲ್ಲಿ 70 ದಾಟಿದ ಮಹಿಳೆಯೊಬ್ಬರು ಸೆರಗು ಎದೆಗೆ ತಾಗದಂತೆ ಹಿಡಿದುಕೊಂಡೇ ಒಳಗೆ ಬಂದರು. ಪ್ಯಾಚ್ ಇದ್ದಷ್ಟೇ ಅಗಲಕ್ಕೆ ಚರ್ಮ ಕೆಂಪಾಗಿತ್ತು. ಒಂದು ಮೂಲೆಯಲ್ಲಿ ಮೇಲ್ಪದರವೇ ಸುಲಿದು ನೀರು ಒಸರುತ್ತಿತ್ತು, ಅದರ ಮೇಲೆ ಅರಿಸಿನ ಮೆತ್ತಿಕೊಂಡಿತ್ತು. ನೋವು ಒಂದೇ ಸಲಕ್ಕೆ ಮುಗಿಯಲೆಂದು ಮಗ ಪ್ಯಾಚನ್ನು ಝಟ್ಟನೆ ಕಿತ್ತಿದ್ದರಂತೆ. ವಯಸ್ಸಾದಂತೆ ಚರ್ಮದ ಮೇಲ್ಪದರಕ್ಕೂ ಒಳಪದರಕ್ಕೂ ಇರುವ ಬೆಸುಗೆ ಸಡಿಲವಾಗುತ್ತದೆ. ಅಂಟಿನ ಹಿಡಿತ ಅದಕ್ಕಿಂತ ಬಲವಾಗಿದ್ದರೆ ಪ್ಯಾಚಿನೊಂದಿಗೆ ಚರ್ಮವೂ ಎದ್ದು ಬರುತ್ತದೆ. ಬಹುಕಾಲ ಸ್ಟೀರಾಯ್ಡ್ ಮಾತ್ರೆ ನುಂಗಿದವರಲ್ಲೂ ಹೀಗಾಗುತ್ತದೆ. ಪ್ಯಾಚ್ ತೆಗೆಯುವಾಗ ಅಂಚಿಗೆ ತುಸು ಎಣ್ಣೆ ಸವರಿ, ಪಕ್ಕದ ಚರ್ಮವನ್ನು ಬೆರಳಿನಿಂದ ಅದುಮಿ ಹಿಡಿದು, ಮೇಲಕ್ಕೆ ಎಳೆಯದೆ, ಪ್ಯಾಚನ್ನು ಅದರ ಮೇಲೆಯೇ ಹಿಂದಕ್ಕೆ ಮಡಚುತ್ತ ನಿಧಾನವಾಗಿ ಬಿಡಿಸಬೇಕು. ಅಂಟಿಸುವ ದಿನ ಮಾತ್ರ ಎದೆಗೆ ಎಣ್ಣೆ, ಪೌಡರ್ ಯಾವುದೂ ತಾಗಬಾರದು.

ಪ್ಯಾಚಿನ ಅಡಿಯಲ್ಲಷ್ಟೇ ಕಾಣಿಸಿಕೊಂಡು, ತೆಗೆದ ಎರಡು ಮೂರು ದಿನಗಳಲ್ಲಿ ತಗ್ಗುವ ಕೆಂಪು ಹೆಚ್ಚಾಗಿ ಬೆವರು ಮತ್ತು ಉಜ್ಜಾಟದಿಂದಾದದ್ದು. ಒಂದೆರಡು ದಿನ ತಡವಾಗಿ ಶುರುವಾಗಿ, ಅಂಚನ್ನು ದಾಟಿ ಹರಡುತ್ತ, ಸಣ್ಣ ನೀರುಗುಳ್ಳೆಗಳೊಂದಿಗೆ ತೀವ್ರವಾಗಿ ತುರಿಸುವುದು ಅಲರ್ಜಿ. ಅಂಟಿನಲ್ಲಿರುವ ಅಕ್ರಿಲೇಟ್ ಇದಕ್ಕೆ ಕಾರಣವಾಗುವುದುಂಟು. ಅಂಥವರಿಗೆ ಅದೇ ಅಂಟನ್ನು ಮತ್ತೆ ಹಾಕಬಾರದು. ಕೀವು, ಜ್ವರ, ಹೆಚ್ಚುತ್ತಿರುವ ನೋವು ಇದ್ದರೆ ಅದೇ ದಿನ ವೈದ್ಯರನ್ನು ಕಾಣಬೇಕು.

ಇದನ್ನು ಚಿಕ್ಕ ತೊಂದರೆ ಎಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಹೃದಯಾಘಾತದ ನಂತರ ಕೆಲವರು ಹಗಲಿರುಳು ತೊಡಬೇಕಾದ ಡಿಫಿಬ್ರಿಲೇಟರ್ ಜಾಕೆಟ್ (ಬಡಿತ ಅಪಾಯಕಾರಿಯಾಗಿ ತಪ್ಪಿದರೆ ವಿದ್ಯುತ್ ಆಘಾತ ಕೊಟ್ಟು ಸರಿಪಡಿಸುವ ಉಡುಪು) ಕುರಿತು 2018ರಲ್ಲಿ ಪ್ರಕಟವಾದ ವೆಸ್ಟ್ ಅಧ್ಯಯನದಲ್ಲಿ, ಜಾಕೆಟ್ ಪಡೆದ ಗುಂಪಿನ ಶೇ. 17ರಷ್ಟು ಮಂದಿಗೆ ತುರಿಕೆ ಇತ್ತು, ಪಡೆಯದವರಲ್ಲಿ ಶೇ. 6ರಷ್ಟು. ಜಾಕೆಟ್ ಪಡೆದ ಗುಂಪಿನಲ್ಲಿ ತೀರಿಕೊಂಡ 48 ಜನರ ಪೈಕಿ ಸಾಯುವ ಹೊತ್ತಿಗೆ ಜಾಕೆಟ್ ತೊಟ್ಟಿದ್ದವರು 12 ಮಂದಿ ಮಾತ್ರ. ಉಳಿದವರೆಲ್ಲ ತುರಿಕೆಯಿಂದಲೇ ಬಿಚ್ಚಿಟ್ಟಿದ್ದರೆಂದು ಹೇಳಲಾಗದು. ಆದರೆ ಬಿಚ್ಚಿಟ್ಟ ಜಾಕೆಟ್ ಯಾರ ಹೃದಯವನ್ನೂ ಕಾಯುವುದಿಲ್ಲ. ಸ್ತನದ ಕೆಳಗೆ ಬೆವರು ನಿಂತು ಫಂಗಸ್ ಬೆಳೆದರೆ ಮುಲಾಮಿನಿಂದ ಗುಣವಾಗುತ್ತದೆ, ಒಳಬಟ್ಟೆಯನ್ನು ದಿನವೂ ಬದಲಿಸಬಹುದು. ತುರಿಕೆ ತಡೆಯಲಾಗದಿದ್ದರೆ ಬಿಚ್ಚುವ ಮೊದಲು ಹೃದಯತಜ್ಞರಿಗೆ ಫೋನ್ ಮಾಡಿ.

ಆ ಮಹಿಳೆಗೆ ಇನ್ನೊಮ್ಮೆ ದಾಖಲಾತಿ ಬೇಕಿತ್ತು. ಸುಲಿದ ಜಾಗ ಮಾಗುವವರೆಗೆ ಮೂರು ವಾರ ಕಾಯಬೇಕಾಯಿತು.