ಲೂಪಸ್ ರಿಪೋರ್ಟು: ಅಂಕಿಗಿಂತ ಅದರ ನಡೆ ಮುಖ್ಯ

ಲೂಪಸ್ (ದೇಹದ ರೋಗನಿರೋಧಕ ಶಕ್ತಿ ತನ್ನದೇ ಅಂಗಗಳ ಮೇಲೆ ಎರಗುವ ಕಾಯಿಲೆ) ಖಚಿತವಾದ ಮೇಲೂ ಪ್ರತಿ ಭೇಟಿಗೂ ಎಎನ್‌ಎ (ಜೀವಕೋಶದ ಕೇಂದ್ರದ ವಿರುದ್ಧದ ಪ್ರತಿಕಾಯ) ಪರೀಕ್ಷೆ ಮಾಡಿಸುವವರಿದ್ದಾರೆ. ದಯವಿಟ್ಟು ಬೇಡ. ಎಎನ್‌ಎ ರೋಗ ಪತ್ತೆಗೆ ಬೇಕಾದ ಪರೀಕ್ಷೆ. ಕಾಯಿಲೆ ಕೆರಳಿದೆಯೋ ತಣ್ಣಗಿದೆಯೋ ಎಂಬುದು ಅದರಿಂದ ತಿಳಿಯದು.

ಅದನ್ನು ತಿಳಿಯಲು ಮುಖ್ಯವಾಗಿ ನೋಡುವುದು ಡಿಎಸ್‌ಡಿಎನ್‌ಎ ಪ್ರತಿಕಾಯ (ಡಿಎನ್‌ಎ ವಿರುದ್ಧ ಹುಟ್ಟುವ ಪ್ರತಿಕಾಯ) ಮತ್ತು ರೋಗನಿರೋಧಕ ಶಕ್ತಿಗೆ ನೆರವಾಗುವ ಸಿ3, ಸಿ4 ಎಂಬ ಕಾಂಪ್ಲಿಮೆಂಟ್ ಪ್ರೋಟೀನುಗಳನ್ನು. ಪ್ರತಿಕಾಯಗಳು ಡಿಎನ್‌ಎಗೆ ಅಂಟಿಕೊಂಡು ಮೂತ್ರಪಿಂಡದ ಸೋಸುಗಗಳಲ್ಲಿ ಕೂರುತ್ತವೆ. ಅಲ್ಲಿ ನಡೆಯುವ ಉರಿಯೂತದಲ್ಲಿ ಕಾಂಪ್ಲಿಮೆಂಟ್ ಖರ್ಚಾಗುತ್ತದೆ. ಹಾಗಾಗಿ ಪ್ರತಿಕಾಯ ಏರುತ್ತಾ ಸಿ3 ಇಳಿಯುತ್ತಾ ಹೋದರೆ ಮೂತ್ರಪಿಂಡದ ಬಗ್ಗೆ ಎಚ್ಚರ ಬೇಕು. ಆದರೆ ಎಲ್ಲ ರೋಗಿಗಳಲ್ಲೂ ಇವು ಹೀಗೆ ಕಾಯಿಲೆಯ ಜೊತೆಗೇ ನಡೆಯುವುದಿಲ್ಲ. ಹಿಂದಿನ ಸಲ ಕಾಯಿಲೆ ಕೆರಳಿದಾಗ ಇವು ಬದಲಾಗಿದ್ದವೇ ಎಂದು ಹಳೆಯ ರಿಪೋರ್ಟು ತೆಗೆದು ನೋಡಿ.

ಎಡವುವುದು ಇಲ್ಲಿ. ಡಿಎಸ್‌ಡಿಎನ್‌ಎ ಪ್ರತಿಕಾಯವನ್ನು ಅಳೆಯುವ ವಿಧಾನಗಳು ಹಲವು: ಎಲಿಸಾ, ಕ್ರಿಥಿಡಿಯಾ, ಫಾರ್ (Farr). ಒಂದರ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸುವಂತಿಲ್ಲ. ಆದ್ದರಿಂದ ಸಾಧ್ಯವಾದಷ್ಟೂ ಒಂದೇ ಲ್ಯಾಬ್, ಒಂದೇ ವಿಧಾನ ಇರಲಿ. ಗರ್ಭಿಣಿಯರಲ್ಲಿ ಕಾಂಪ್ಲಿಮೆಂಟ್ ಸಹಜವಾಗಿಯೇ ಏರುತ್ತದೆ. ಅವರ ರಿಪೋರ್ಟಿನಲ್ಲಿ ‘ನಾರ್ಮಲ್’ ಎಂದಿದ್ದರೂ ಮೊದಲಿಗಿಂತ ಇಳಿದಿದ್ದರೆ ಅದು ಇಳಿಕೆಯೇ. ಸಿ4 ಮಾತ್ರ ಸದಾ ಕಡಿಮೆ ಇರುವವರಲ್ಲಿ ಅದಕ್ಕೆ ವಂಶವಾಹಿಯೂ ಕಾರಣವಿರಬಹುದು.

ಉರಿಯೂತ ಸೂಚಿಸುವ ಇಎಸ್‌ಆರ್ ಒಂದನ್ನೇ ನಂಬಬೇಡಿ. ರಕ್ತಹೀನತೆಯಿದ್ದರೂ, ಗರ್ಭಿಣಿಯಾಗಿದ್ದರೂ ಅದು ಏರುತ್ತದೆ. ಉರಿಯೂತದ ಇನ್ನೊಂದು ಸೂಚಕವಾದ ಸಿಆರ್‌ಪಿಯ ಕಥೆ ಬೇರೆ. ಲೂಪಸ್ ಕೆರಳಿದಾಗಲೂ ಅದು ಹೆಚ್ಚಾಗಿ ಏರುವುದಿಲ್ಲ, ಏರಿದರೂ ಅಷ್ಟಕ್ಕಷ್ಟೆ. ಜ್ವರದ ಜೊತೆ ಸಿಆರ್‌ಪಿ ಬಹಳ ಏರಿದ್ದರೆ ಸ್ಟೀರಾಯ್ಡ್ ಹೆಚ್ಚಿಸುವ ಮೊದಲು ಸೋಂಕು ಇದೆಯೇ ಎಂದು ಹುಡುಕಲೇಬೇಕು. ಶ್ವಾಸಕೋಶ ಅಥವಾ ಹೃದಯದ ಪೊರೆಯ ಉರಿಯೂತ ಮತ್ತು ಕೀಲೂತದಲ್ಲಿ ಮಾತ್ರ ಲೂಪಸ್ಸೇ ಸಿಆರ್‌ಪಿಯನ್ನು ಏರಿಸಬಲ್ಲದು.

ರಕ್ತಕಣಗಳ ಎಣಿಕೆ ಪ್ರತಿಸಲವೂ ಬೇಕು. ಪ್ಲೇಟ್‌ಲೆಟ್ 1 ಲಕ್ಷಕ್ಕಿಂತ, ಬಿಳಿ ರಕ್ತಕಣ 4,000ಕ್ಕಿಂತ ಕೆಳಗಿಳಿದರೆ ಕಾರಣ ಕಾಯಿಲೆಯೂ ಇರಬಹುದು, ರೋಗನಿರೋಧಕ ಶಕ್ತಿ ತಗ್ಗಿಸುವ ಅಜಥಯೋಪ್ರಿನ್‌ನಂಥ ಮಾತ್ರೆಯೂ ಇರಬಹುದು. ಒಂದಕ್ಕೆ ಔಷಧ ಹೆಚ್ಚಿಸಬೇಕಾದೀತು, ಇನ್ನೊಂದಕ್ಕೆ ಇಳಿಸಬೇಕು.

ಕೆಲವರಲ್ಲಿ ಪ್ರತಿಕಾಯ ಜಾಸ್ತಿ, ಸಿ3 ಕಡಿಮೆ. ಆದರೂ ವರ್ಷಗಟ್ಟಲೆ ಆರಾಮಾಗಿರುತ್ತಾರೆ. ಅಂಕಿಗೆ ಹೆದರಿ ಅವರ ಸ್ಟೀರಾಯ್ಡ್ ಹೆಚ್ಚಿಸುವುದು ತಪ್ಪು. ಪರೀಕ್ಷೆಗಳ ನಡುವಿನ ಅಂತರ ಕಡಿಮೆ ಮಾಡಿ, ಜೊತೆಗೆ ಮೂತ್ರ ನೋಡುತ್ತಿದ್ದರೆ ಸಾಕು. ಏಕೆಂದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುವಾಗ ನೋವಿರುವುದಿಲ್ಲ, ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕುವ ತ್ಯಾಜ್ಯ) ತಡವಾಗಿ ಏರುತ್ತದೆ. ಬೆಳಗಿನ ಮೊದಲ ಮೂತ್ರದಲ್ಲಿ ಪ್ರೋಟೀನ್–ಕ್ರಿಯಾಟಿನಿನ್ ಅನುಪಾತ ಅಳೆಸಿ. ಅದು 0.5 ದಾಟಿದರೆ ಮತ್ತೊಮ್ಮೆ ಬೇಗನೆ ಪರೀಕ್ಷಿಸಿ. ಮತ್ತೆ ಹಾಗೆಯೇ ಬಂದರೆ ಮೂತ್ರಪಿಂಡದ ಬಯಾಪ್ಸಿಯ (ಚೂರು ತೆಗೆದು ನೋಡುವ ಪರೀಕ್ಷೆಯ) ಮಾತು ಮುಂದೂಡಬೇಡಿ.