ಹಲ್ಲಿನ ಒಳಗೇ ಇದಾರೆ ರಿಪೇರಿ ಮಾಡೋರು

ಸ್ಟೆಮ್ ಸೆಲ್ (ಬೇರೆ ಥರದ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ) ಇಂಜೆಕ್ಷನ್ ತಗೊಂಡ್ರೆ ಬಿದ್ದ ಹಲ್ಲು ಮತ್ತೆ ಹುಟ್ಟತ್ತೆ ಅನ್ನೋ ಫಾರ್ವರ್ಡ್ ಮೆಸೇಜು ಆಗಾಗ ಸುತ್ತಾಡ್ತಾ ಇರತ್ತೆ. ಅಂಥ ಇಂಜೆಕ್ಷನ್ ಯಾವುದೂ ಇಲ್ಲ. ಆದ್ರೆ ನಿಜವಾಗ್ಲೂ ಲ್ಯಾಬಲ್ಲಿ, ಆಸ್ಪತ್ರೇಲಿ ಆಗಿರೋ ಕೆಲಸ ಆ ಸುಳ್ಳಿಗಿಂತ ಎಷ್ಟೋ ಪಾಲು ರೋಚಕವಾಗಿದೆ, ಅದನ್ನ ಮಾತ್ರ ಯಾರೂ ಫಾರ್ವರ್ಡ್ ಮಾಡಲ್ಲ.

ಹಲ್ಲಿನ ಹೊರಗಿನ ಗಟ್ಟಿ ಪದರ ಎನಾಮಲ್, ಅದರ ವಿಷಯ ಬೇಗ ಮುಗಿಸಿಬಿಡ್ತೀನಿ. ಅದು ತೂಕದಲ್ಲಿ ನೂರಕ್ಕೆ ಸುಮಾರು 96 ಭಾಗ ಖನಿಜ. ಅದನ್ನ ಕಟ್ಟಿದ ಕೋಶಗಳು ಹಲ್ಲು ವಸಡಿಂದ ಹೊರಗೆ ಬರೋ ಹೊತ್ತಿಗೇ ಸತ್ತು ಹೋಗಿರತ್ವೆ, ಹಾಗಾಗಿ ಒಂದ್ಸಲ ಕಿತ್ತುಹೋದ ಎನಾಮಲ್‌ನ ಮತ್ತೆ ಕಟ್ಟೋಕೆ ದೇಹದಲ್ಲಿ ಯಾರೂ ಉಳಿದಿರಲ್ಲ.

ಅದರ ಒಳಗಿನ ಪದರ ಡೆಂಟಿನ್ ಕಥೆನೇ ಬೇರೆ. ಇದನ್ನ ಕಟ್ಟೋ ಓಡಾಂಟೊಬ್ಲಾಸ್ಟ್ ಕೋಶಗಳು ಪಲ್ಪ್, ಅಂದ್ರೆ ಹಲ್ಲಿನ ನಡುವೆ ನರ, ರಕ್ತನಾಳ ಇರೋ ಮೆತ್ತಗಿನ ಭಾಗದ ಅಂಚಲ್ಲಿ ಸಾಲಾಗಿ ನಿಂತು ಜೀವಮಾನ ಪೂರ್ತಿ ಕೆಲಸ ಮಾಡ್ತಾನೇ ಇರತ್ವೆ. ಕೋಣೆ ಒಳಗೆ ನಿಂತ್ಕೊಂಡು ಗೋಡೆಗೆ ಗಾರೆ ಮೆತ್ತುತ್ತಾ ಹಿಂದಕ್ಕೆ ಸರಿಯೋ ಮೇಸ್ತ್ರಿ ಥರ, ಗೋಡೆ ದಪ್ಪ ಆಗ್ತಾ ಹೋಗತ್ತೆ, ಕೋಣೆ ಚಿಕ್ಕದಾಗ್ತಾ ಬರತ್ತೆ, ಅದಕ್ಕೇ ವಯಸ್ಸಾದವರ ಎಕ್ಸ್‌ರೇಲಿ ಪಲ್ಪ್ ಜಾಗ ಕಿರಿದಾಗಿ ಕಾಣೋದು. ನನಗೆ ಅತಿ ಇಷ್ಟವಾದ ಭಾಗ ಇನ್ನು ಬರತ್ತೆ. ಡೆಂಟಿನ್ ಕಟ್ಟುವಾಗಲೇ ಟಿಜಿಎಫ್-ಬೀಟಾ ಥರದ ಸಿಗ್ನಲ್ ಪ್ರೋಟೀನುಗಳು ಅದರೊಳಗೆ ಸಿಕ್ಕಾಕೊಂಡು ವರ್ಷಾನುಗಟ್ಟಲೆ ಸುಮ್ನೆ ಇರತ್ವೆ. ಮುಂದೆ ಯಾವಾಗಲೋ ಬ್ಯಾಕ್ಟೀರಿಯಾದ ಆಸಿಡ್ ಡೆಂಟಿನ್ನನ್ನ ಕರಗಿಸಿದಾಗ ಅವು ಬಿಡುಗಡೆಯಾಗಿ ಪಲ್ಪ್ ಕಡೆ ಹೋಗತ್ವೆ, ಅಲ್ಲಿ ರಕ್ತನಾಳದ ಪಕ್ಕ ಇರೋ ಸ್ಟೆಮ್ ಸೆಲ್‌ಗಳು ಎಚ್ಚೆತ್ತು, ಸತ್ತ ಓಡಾಂಟೊಬ್ಲಾಸ್ಟ್ ಜಾಗಕ್ಕೆ ಬಂದು ಹೊಸ ಡೆಂಟಿನ್ ಹಾಕೋಕೆ ಶುರು ಮಾಡತ್ವೆ. ಅಂದ್ರೆ ಹಾಳು ಮಾಡೋ ಆಸಿಡ್ಡೇ ರಿಪೇರಿಯವರನ್ನೂ ಕರೀತಿದೆ! ಡಾಕ್ಟರುಗಳು ಇದನ್ನೇ ಬಳಸ್ಕೊಳ್ತಾರೆ, ಪಲ್ಪ್ ಮತ್ತೆ ಬೆಳೆಸೋ ಚಿಕಿತ್ಸೇಲಿ ಹಲ್ಲಿನ ಒಳಗಡೆ ಖನಿಜ ಕರಗಿಸೋ ಇಡಿಟಿಎ ಅನ್ನೋ ದ್ರಾವಣದಿಂದ ತೊಳೆಯೋಕೆ ಒಂದು ಕಾರಣ ಈ ಪ್ರೋಟೀನುಗಳನ್ನ ಬಿಡಿಸೋದು.

ಈ ರಿಪೇರಿ ನಿಧಾನ. ಹುಳುಕು ಜೋರಾದ್ರೆ ಪಲ್ಪ್ ಸಾಯತ್ತೆ. ಪಿಯೆರ್ ಫೋಶಾರ್ ಅನ್ನೋ ಫ್ರೆಂಚ್ ದಂತವೈದ್ಯ 1728ರಲ್ಲೇ ಹಲ್ಲಲ್ಲಿ ಹುಳ ಇರತ್ತೆ ಅನ್ನೋ ನಂಬಿಕೆ ಸರಿಯಲ್ಲ ಅಂತ ಬರೆದ, ಸುಮಾರು ಮುನ್ನೂರು ವರ್ಷ ಆಗ್ತಾ ಬಂತು, ಈಗಲೂ ಹೊಗೆ ಹಾಕಿ ಹುಳ ತೆಗೀತೀವಿ ಅನ್ನೋರ ಹತ್ರ ಹೋಗಿ ಕಾಲ ಕಳೆಯೋರು ಇದಾರಲ್ಲ ಅಂತ ನಿಜಕ್ಕೂ ಚಿಂತೆ ಆಗತ್ತೆ, ಯಾಕಂದ್ರೆ ಆ ದಿನಗಳಲ್ಲೇ ಉಳಿಸಬಹುದಾಗಿದ್ದ ಪಲ್ಪ್ ಕೈತಪ್ಪಿ ಹೋಗತ್ತೆ.

ಪಲ್ಪಲ್ಲಿ ಸ್ಟೆಮ್ ಸೆಲ್ ಇದೆ ಅಂತ 2000ದಲ್ಲಿ ತೋರಿಸಿದ್ದು ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಗ್ರೊಂಥೋಸ್, ಸಾಂಗ್‌ಟಾವ್ ಶಿ ಮತ್ತು ಅವರ ಜೊತೆಯವರು. ಆಮೇಲೆ ಶಿ ಅವರು ತಮ್ಮ ಮಗಳ ಬಿದ್ದ ಹಾಲುಹಲ್ಲಲ್ಲಿ ಕೆಂಪಗಿನ ಅಂಗಾಂಶ ಉಳಿದಿರೋದನ್ನ ಗಮನಿಸಿದ್ರು, ಅಲ್ಲಿಂದ ಶುರುವಾಗಿದ್ದು 2003ರಲ್ಲಿ ಹಾಲುಹಲ್ಲಿನ ಸ್ಟೆಮ್ ಸೆಲ್ ಕುರಿತ ಪೇಪರ್ ಆಗಿ ಬಂತು. ಬಿಸಾಡೋ ಹಲ್ಲಲ್ಲಿ ಜೀವಂತ ಕೋಶ!

ಅದರ ಫಲ 2018ರಲ್ಲಿ ಕಾಣಿಸ್ತು. ಚೀನಾದಲ್ಲಿ ಪೆಟ್ಟು ಬಿದ್ದು ಪಲ್ಪ್ ಸತ್ತಿದ್ದ, ಬೇರು ಇನ್ನೂ ಪೂರ್ತಿ ಬೆಳೀದಿದ್ದ ಮಕ್ಕಳ ಹಲ್ಲುಗಳ ಮೇಲೆ ಪ್ರಯೋಗ ಮಾಡಿದ್ರು. ಒಟ್ಟು 40 ಜನ, ಅವರಲ್ಲಿ 30 ಜನಕ್ಕೆ ಅವರದ್ದೇ ಹಾಲುಹಲ್ಲಿಂದ ಬೆಳೆಸಿದ ಕೋಶ, 10 ಜನಕ್ಕೆ ಮಾಮೂಲಿ ಚಿಕಿತ್ಸೆ. ಕೋಶ ಹಾಕಿದ ಹಲ್ಲುಗಳಲ್ಲಿ 12 ತಿಂಗಳಿಗೆ ರಕ್ತನಾಳ, ನರ ಎರಡೂ ಇರೋ ಪಲ್ಪ್ ಮತ್ತೆ ಬೆಳೆದಿತ್ತು. ರೂಟ್ ಕೆನಾಲ್ ಮಾಡಿದ ಹಲ್ಲಲ್ಲಿ ಇರೋದು ಗಟ್ಟಾ ಪರ್ಚಾ ಅನ್ನೋ ರಬ್ಬರ್ ಥರದ ಜಡ ವಸ್ತು ತುಂಬಿದ ಕೊಳವೆ ಅಷ್ಟೇ, ಇಲ್ಲಿ ಹಲ್ಲಿಗೆ ಸ್ಪರ್ಶ ವಾಪಸ್ ಬಂತು ಅಂದ್ರೆ ಎಷ್ಟು ದೊಡ್ಡ ವಿಷಯ ನೋಡಿ.

ಹಾಗಂತ ಹಾಲುಹಲ್ಲನ್ನ ಸ್ಟೆಮ್ ಸೆಲ್ ಬ್ಯಾಂಕಲ್ಲಿ ಕಾದಿಟ್ರೆ ಮುಂದೆ ಹೊಸ ಹಲ್ಲು ಗ್ಯಾರಂಟಿ ಅಂದ್ರೆ ನಂಬಬೇಡಿ, ಬೆಳೆದಿದ್ದು ಪಲ್ಪ್, ಇಡೀ ಹಲ್ಲಲ್ಲ. ಮಕ್ಕಳ ಹಲ್ಲಿನ ಬೇರಿನ ತುದಿ ಅಗಲವಾಗಿ ತೆರೆದಿರತ್ತೆ, ರಕ್ತನಾಳ ಒಳಗೆ ಬರೋಕೆ ದಾರಿ ಇರತ್ತೆ. ದೊಡ್ಡವರಲ್ಲಿ ಆ ದಾರಿ ತೀರಾ ಸಣ್ಣದು, ರಕ್ತ ಸಿಗದಿದ್ರೆ ಹಾಕಿದ ಕೋಶ ಬದುಕೋದೇ ಕಷ್ಟ. ಜಪಾನಿನ ಮಿಸಾಕೊ ನಕಾಶಿಮಾ ತಂಡ 2017ರಲ್ಲಿ ಐದು ಜನರ ಮೇಲೆ ಮಾಡಿದ ಸಣ್ಣ ಪ್ರಯೋಗದಲ್ಲಿ ಪಲ್ಪ್ ಸ್ಟೆಮ್ ಸೆಲ್‌ಗಳನ್ನ ಜಿ-ಸಿಎಸ್‌ಎಫ್ ಅನ್ನೋ, ಕೋಶಗಳನ್ನ ಕರೆಯೋ ಸಿಗ್ನಲ್ ಪ್ರೋಟೀನ್ ಜೊತೆ ಹಾಕಿ ನೋಡಿದ್ರು. ದೊಡ್ಡವರ ಹಲ್ಲಿಗೆ ಈ ಚಿಕಿತ್ಸೆ ಬರ್ಬೇಕಂದ್ರೆ ಮೊದಲು ಬಗೆಹರೀಬೇಕಾಗಿರೋದು ಈ ರಕ್ತನಾಳದ ಪ್ರಶ್ನೆನೇ ಅಂತ ನನಗನ್ಸತ್ತೆ.