ಪ್ರಾಸ ಸಿಕ್ಕಿದೆ ಸಾರ್, ಹಾಡು ಆಯ್ತಾ?

ಪ್ರಶ್ನೆ: ಹಾಡು ಬರೆಯಲು ಶುರು ಮಾಡಬೇಕು ಅಂತಿದ್ದೇನೆ. ಪ್ರಾಸ ಪದಗಳ ಪಟ್ಟಿ ಎಲ್ಲಿ ಸಿಗುತ್ತದೆ ಸಾರ್?

ಉತ್ತರ: ಮತ್ತೆ ಅದೇ ಪಟ್ಟಿ! ಎಷ್ಟು ಸಲ ಹೇಳಿದರೂ ಈ ಪ್ರಾಸದ ಹುಚ್ಚು ಬಿಡುವುದಿಲ್ಲ. ಇನ್ನೊಂದು ಸಲ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ.

ಕನ್ನಡದಲ್ಲಿ ಸಾಲಿನ ಕೊನೆಯ ಪ್ರಾಸ ಬಿಟ್ಟಿ ಸಿಗುತ್ತದೆ. ನಮ್ಮ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಲ್ಲಿ ಮುಗಿಯುತ್ತದೆ. ಬಂದರು, ನಿಂತರು, ತೂಗಿದರು, ಹೋದರು. ರೇಷನ್ ಅಂಗಡಿ ಮುಂದೆ ನಿಂತು ಜಗಳ ಆಡಿದರೂ ಪ್ರಾಸ ಬರುತ್ತದೆ. ಅದಕ್ಕೆ ಪಟ್ಟಿ ಯಾಕೆ? ಹಳೆಯ ಪದ್ಯಗಳಲ್ಲಿ ಕವಿಗಳು ಕಷ್ಟಪಟ್ಟಿದ್ದು ಎರಡನೇ ಅಕ್ಷರದ ಪ್ರಾಸಕ್ಕೆ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಅದೇ ವ್ಯಂಜನ ಬರಬೇಕು. ನಮ್ಮ ಮುಳಬಾಗಿಲಿನ ಡಿವಿಜಿ 1943ರಲ್ಲಿ ತಂದ 'ಮಂಕುತಿಮ್ಮನ ಕಗ್ಗ' ತೆಗೆದು ನೋಡಿ. ಸಾಲಿನ ತುದಿ ಬಿಟ್ಟು ಎರಡನೇ ಅಕ್ಷರದ ಮೇಲೆ ಬೆರಳಿಡಿ, ಗೊತ್ತಾಗುತ್ತದೆ.

ಒಬ್ಬ ಹುಡುಗ ಬರೆದು ತಂದಿದ್ದ: 'ಟೊಮೆಟೊ ಬಾಕ್ಸುಗಳನ್ನೆಲ್ಲ ಇಳಿಸಿದರು, ರೇಟು ಕಡಿಮೆ ಮಾಡಿ ನಮ್ಮನ್ನು ವಾಪಸ್ ಕಳಿಸಿದರು'. ಪ್ರಾಸ ಇದೆ. ಚಪ್ಪಾಳೆ ತಟ್ಟಿ ಹಾಡು ಅಂದೆ. ಎರಡನೇ ಸಾಲಿಗೆ ಉಸಿರೇ ಸಾಲಲಿಲ್ಲ. ಆಮೇಲೆ ಇಬ್ಬರೂ ಕೂತು ಹೀಗೆ ಮಾಡಿದೆವು:

ಮಂಡಿಗೆ ಹೋದವ ಬರಲಿಲ್ಲ
ದಾರಿಯ ನೋಡುತ ಕುಂತಳು ಅವ್ವ

ಪ್ರಾಸ ಎಲ್ಲಿದೆ? ಇಲ್ಲ. ಆದರೂ ಕಾಲು ಕುಣಿಯುತ್ತದೆ, ಅಲ್ವಾ? ಕಾರಣ ಮಾತ್ರೆ, ಅಂದರೆ ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆ. ಹ್ರಸ್ವಕ್ಕೆ 1. ದೀರ್ಘಕ್ಕೆ, ಸೊನ್ನೆ ಇರುವ ಅಕ್ಷರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ 2. 'ಮಂಡಿಗೆ' 4, 'ಹೋದವ' 4, 'ದಾರಿಯ' 4, 'ನೋಡುತ' 4. ಕೊನೆಯಲ್ಲಿ ಮಾತ್ರೆ ಕಡಿಮೆ ಬಿದ್ದರೆ ದನಿ ಎಳೆಯುತ್ತೇವೆ. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿ ಮಾರ್ಕ್ಸ್ ತಗೊಂಡು ಮರೆತಿದ್ದೀರಲ್ಲ, ಅದೇ ಇದು.

ಶುರು ಮಾಡಲು ಹಾರ್ಮೋನಿಯಂ ಬೇಡ. ಅಜ್ಜಿ ಹೇಳುವ ಸೋಬಾನೆಯ ಮಟ್ಟು ಹಿಡಿದು ನಿಮ್ಮ ಮಾತು ಕೂರಿಸಿ. ಮೊದಲು ಪಲ್ಲವಿ, ಎರಡೇ ಸಾಲು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಮಾರನೇ ದಿನ ಕೇಳಿ. ಎಡವುವ ಕಡೆ ಪದ ಬದಲಿಸಿ.

ಅಂದಹಾಗೆ, 'ಕುಂತಳು' ಅಂತ ಬರೆಯಬಹುದಾ ಎಂದು ಆ ಹುಡುಗ ಕೇಳಲಿಲ್ಲ, ಆದರೆ ಪೆನ್ನು ಹಿಡಿದು 'ಕುಳಿತಳು' ಅಂತ ತಿದ್ದಲು ಹೊರಟಿದ್ದ. ನಾನು ಬಿಡಲಿಲ್ಲ. ಜನ ಆಡುವ ಮಾತೇ ಹಾಡಿಗೂ ಆಗುತ್ತದೆ. ಬಳೆ ಮಾರುತ್ತಿದ್ದ ಕೈವಾರದ ತಾತಯ್ಯ ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದರು. ನಮ್ಮ ಕೋಲಾರದ ಕಡೆ ಜನ ಎರಡನ್ನೂ ಆಡುತ್ತಾರೆ, ಅವರೂ ಎರಡರಲ್ಲೂ ಹಾಡಿದರು, ಅಷ್ಟೇ. ಲೆಕ್ಕ ಹಾಕಿ ನೋಡಿ: 'ಕುಳಿತಳು' 4 ಮಾತ್ರೆ, 'ಕುಂತಳು' ಕೂಡ 4. ತಾಳ ಎರಡಕ್ಕೂ ಒಪ್ಪುತ್ತದೆ. ಆದರೆ ದಾರಿ ನೋಡುತ್ತಿರುವುದು ಕೋಲಾರದ ಅವ್ವ. ಅವಳು ಕುಂತೇ ಇರಲಿ.